ಸೊನ್ನೆ ಕಮಿಷನ್ನಿನ ಡಾಲರಿಗೆ ಎಷ್ಟು ಕೊಟ್ಟಿರಿ?

2024ರ ಕೊನೆಯಲ್ಲಿ ಮನೆಯವರೆಲ್ಲ ಬ್ಯಾಂಕಾಕಿಗೆ ಹೊರಟಾಗ ನಾನು ಮಾಡಿದ ಒಂದು ತಪ್ಪಿನ ರಸೀದಿ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಹೊರಡುವ ವಾರವೆಲ್ಲ ಪೆಟ್ಟಿಗೆ ತುಂಬುವುದರಲ್ಲಿ, ಚಟ್ನಿಪುಡಿ ಕಟ್ಟುವುದರಲ್ಲಿ ಕಳೆದುಹೋಯಿತು. ಹಣ ಬದಲಾಯಿಸುವ ಕೆಲಸ ಬೆಳಗಿನ ಜಾವದ ವಿಮಾನ ನಿಲ್ದಾಣದವರೆಗೆ ಬಂದು ನಿಂತಿತು. ನಿದ್ದೆಗಣ್ಣಿನಲ್ಲಿ ಮೊದಲು ಸಿಕ್ಕ ಕೌಂಟರಿಗೆ ಹೋಗಿ ಥಾಯ್ಲೆಂಡಿನ ಹಣ, 20,000 ಬಾತ್ ಕೊಂಡೆ. ಬಾತ್ ಒಂದಕ್ಕೆ 2.78 ರೂಪಾಯಿಯಂತೆ 55,600 ರೂಪಾಯಿ. ರಸೀದಿಯಲ್ಲಿ ಕಮಿಷನ್ ಎಂಬ ಸಾಲಿನ ಮುಂದೆ ಸೊನ್ನೆ, ಜಿಎಸ್‌ಟಿ ಎಂಬ ಸಾಲಿನ ಮುಂದೆ ನೂರು ರೂಪಾಯಿ ಚಿಲ್ಲರೆ. ಪರವಾಗಿಲ್ಲ, ನೂರು ರೂಪಾಯಿಗೆ ಕೆಲಸ ಮುಗಿಯಿತು ಎಂದುಕೊಂಡೆ. ವಿಮಾನ ಏರುವ ಮುನ್ನ ಸುಮ್ಮನೆ ಮೊಬೈಲಿನಲ್ಲಿ ನೋಡಿದರೆ ಆ ಹೊತ್ತಿನ ಮಾರುಕಟ್ಟೆ ದರ 2.45. ಅಂದರೆ 49,000 ರೂಪಾಯಿಯ ಸರಕಿಗೆ ನಾನು 55,600 ತೆತ್ತಿದ್ದೆ. ನಡುವಿನ 6,600 ರೂಪಾಯಿ ಎಲ್ಲಿಗೆ ಹೋಯಿತು ಎಂಬುದು ಆ ರಸೀದಿಯ ಯಾವ ಸಾಲಿನಲ್ಲೂ ಇರಲಿಲ್ಲ.

ಚಿನ್ನದಂಗಡಿಗೆ ಹೋಗಿ ಬಂದವರಿಗೆ ಈ ಆಟ ಹೊಸದಲ್ಲ. ‘ಮೇಕಿಂಗ್ ಚಾರ್ಜ್ ಇಲ್ಲವೇ ಇಲ್ಲ’ ಎಂದು ದೊಡ್ಡ ಫಲಕ ಹಾಕಿದ ಅಂಗಡಿಯಲ್ಲಿ ವೇಸ್ಟೇಜ್ ಎಷ್ಟೆಂದು ಕೇಳಬೇಕು ಎಂಬುದು ನಮ್ಮ ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಗ್ರಾಂ ದರ ಬೆಳಿಗ್ಗೆಯೇ ಪತ್ರಿಕೆಯಲ್ಲಿ ಓದಿಕೊಂಡೇ ಅವರು ಅಂಗಡಿಯ ಮೆಟ್ಟಿಲು ಹತ್ತುವುದು. ಅದೇ ಮನೆಯವರು ಡಾಲರ್ ಕೊಳ್ಳುವಾಗ ಮಾತ್ರ ‘ಕಮಿಷನ್ ಎಷ್ಟು?’ ಎಂದು ಕೇಳಿ, ‘ಇಲ್ಲ ಸಾರ್’ ಎಂಬ ಉತ್ತರಕ್ಕೆ ಸಮಾಧಾನಪಟ್ಟು ಬರುತ್ತಾರೆ. ವಿದೇಶಿ ಹಣದ ವ್ಯಾಪಾರದಲ್ಲಿ ಕಮಿಷನ್ ಎಂಬುದು ನೆಪಮಾತ್ರದ ಸಾಲು. ಅಂಗಡಿಯವನ ಲಾಭವೆಲ್ಲ ದರದ ಹೊಟ್ಟೆಯೊಳಗೇ ಇರುತ್ತದೆ.

ಯಾವುದೇ ಮನಿ ಚೇಂಜರ್ ಅಂಗಡಿಯ ಫಲಕ ನೋಡಿ. ಪ್ರತಿ ದೇಶದ ಧ್ವಜದ ಮುಂದೆ ಎರಡು ಅಂಕಣಗಳಿರುತ್ತವೆ: ಅವರು ಕೊಳ್ಳುವ ದರ, ಅವರು ಮಾರುವ ದರ. ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಜವಾದ ಮಾರುಕಟ್ಟೆ ದರ, ಅಂದರೆ ನಡುದರ, ಇರುತ್ತದೆ. ಬ್ಯಾಂಕುಗಳು ತಮ್ಮತಮ್ಮಲ್ಲಿ ಕೋಟಿಗಟ್ಟಲೆ ಡಾಲರ್ ಕೊಟ್ಟು ತೆಗೆದುಕೊಳ್ಳುವ ದರ ಅದು. ನಾವು ನೀವು ಗೂಗಲ್‌ನಲ್ಲಿ ನೋಡುವುದು ಹೆಚ್ಚುಕಡಿಮೆ ಅದನ್ನೇ. ಆ ದರಕ್ಕೆ ನಮಗೆ ನೋಟು ಯಾರೂ ಕೊಡುವುದಿಲ್ಲ, ಕೊಡಬೇಕೆಂದು ನಿರೀಕ್ಷಿಸುವುದೂ ತಪ್ಪು. ಆದರೆ ಅಳತೆಗೋಲು ಅದೇ. ಎರಡು ಅಂಕಣಗಳು ಹತ್ತಿರ ಹತ್ತಿರ ಇದ್ದರೆ ಅಂಗಡಿ ಒಳ್ಳೆಯದು. ಒಂದು 84, ಇನ್ನೊಂದು 96 ಎಂದು ಬಾಯಿ ಬಿಟ್ಟುಕೊಂಡಿದ್ದರೆ ಅಲ್ಲಿಂದ ಹೊರಡುವುದು ಒಳ್ಳೆಯದು. ಈ ಪರೀಕ್ಷೆಗೆ ಗೂಗಲ್ ಕೂಡ ಬೇಡ, ಫಲಕ ನೋಡುವ ಕಣ್ಣಿದ್ದರೆ ಸಾಕು.

ನೋಟಿಗೆ ಬೆಲೆ ಹೆಚ್ಚು ಏಕೆ ಎಂಬುದಕ್ಕೆ ಅಂಗಡಿಯವರ ಕಡೆಯ ನ್ಯಾಯವೂ ಇದೆ. ಸ್ಟೇಟ್ ಬ್ಯಾಂಕ್ ದಿನವೂ ಪ್ರಕಟಿಸುವ ದರಪಟ್ಟಿಯನ್ನು ಒಮ್ಮೆ ತೆರೆದು ನೋಡಿದರೆ ಒಂದೇ ಡಾಲರಿಗೆ ಹಲವು ಬೆಲೆಗಳು ಕಾಣುತ್ತವೆ. ತಂತಿ ವರ್ಗಾವಣೆಗೆ ಒಂದು, ಕಾರ್ಡಿಗೆ ಒಂದು, ಕಾಗದದ ನೋಟಿಗೆ ಇನ್ನೊಂದು. ಕಂಪ್ಯೂಟರಿನಲ್ಲಿ ಅಂಕಿ ಬದಲಾದರೆ ಮುಗಿಯುವ ವರ್ಗಾವಣೆ ಅಗ್ಗ. ನೋಟನ್ನು ಸಾಗಿಸಬೇಕು, ಅದಕ್ಕೆ ವಿಮೆ ಮಾಡಿಸಬೇಕು, ಖೋಟಾ ಅಲ್ಲವೆಂದು ಪರೀಕ್ಷಿಸಬೇಕು, ಗಿರಾಕಿ ಬರುವವರೆಗೆ ತಿಜೋರಿಯಲ್ಲಿ ಇಟ್ಟುಕೊಂಡು ಕಾಯಬೇಕು. ಡಾಲರ್, ಯೂರೋ, ದಿರ್ಹಮ್‌ಗಳಿಗೆ ದಿನವೂ ಗಿರಾಕಿಗಳಿರುತ್ತಾರೆ, ಹಾಗಾಗಿ ಅಂತರ ಕಡಿಮೆ. ವಿಯೆಟ್ನಾಮಿನ ಡಾಂಗ್ ಅಥವಾ ಇಂಡೊನೇಷ್ಯಾದ ರುಪಯ್ಯಾ ಕೇಳುವವರು ಬೆರಳೆಣಿಕೆ, ಆದ್ದರಿಂದ ಅಂತರ ವಿಪರೀತ. ವಿಮಾನ ನಿಲ್ದಾಣದ ಕೌಂಟರಿಗೆ ಇದೆಲ್ಲದರ ಮೇಲೆ ದುಬಾರಿ ಬಾಡಿಗೆಯೂ ಇದೆ, ಬೇರೆ ದಾರಿಯಿಲ್ಲದ ಗಿರಾಕಿಯೂ ಇದ್ದಾನೆ. ಆ ಗಿರಾಕಿಯಾಗಿ ನಿಲ್ಲಬಾರದು, ಅಷ್ಟೇ.

ಇನ್ನೊಂದು ಸಣ್ಣ ಗುಟ್ಟು ವಾರದ ದಿನಗಳದ್ದು. ಬ್ಯಾಂಕುಗಳ ನಡುವಿನ ವಿನಿಮಯ ಮಾರುಕಟ್ಟೆ ಶನಿವಾರ, ಭಾನುವಾರ ಮುಚ್ಚಿರುತ್ತದೆ. ಸೋಮವಾರ ದರ ಎಲ್ಲಿ ತೆರೆಯುತ್ತದೋ ಗೊತ್ತಿಲ್ಲದ ವ್ಯಾಪಾರಿ ವಾರಾಂತ್ಯದಲ್ಲಿ ತನ್ನ ಅಂತರವನ್ನು ಒಂದಿಷ್ಟು ಹಿಗ್ಗಿಸಿಕೊಳ್ಳುತ್ತಾನೆ. ನಾವೋ, ರಜೆ ಸಿಗುವುದೇ ಶನಿವಾರ ಎಂದು ಆವತ್ತೇ ಹೋಗುತ್ತೇವೆ. ಮಂಗಳವಾರದ ಮಧ್ಯಾಹ್ನವೊಂದರಲ್ಲಿ ಫೋನಿನಲ್ಲೇ ದರ ನಿಗದಿ ಮಾಡಿಕೊಂಡರೆ ಸಾಕು, ಹಣ ತರಲು ಯಾವಾಗ ಬೇಕಾದರೂ ಹೋಗಬಹುದು.

ಹೌದು, ಫೋನಿನಲ್ಲೇ. ಬ್ಯಾಂಕಾಕಿನ ಪಾಠದ ಮೇಲೆ ನಾನು ಕಲಿತ ವಿದ್ಯೆ ಇದು. 2025ರ ಡಿಸೆಂಬರಿನಲ್ಲಿ ರೂಪಾಯಿ ಮೊದಲ ಬಾರಿಗೆ ಡಾಲರಿಗೆ 90ರ ಗಡಿ ದಾಟಿದ ದಿನಗಳಲ್ಲಿ ತಮ್ಮನ ಮಗಳು ಅಮೆರಿಕಕ್ಕೆ ಹೊರಟಿದ್ದಳು. ಕೈಯಲ್ಲಿಟ್ಟುಕೊಳ್ಳಲು 2,000 ಡಾಲರ್ ಬೇಕಿತ್ತು. ಬೆಂಗಳೂರಿನ ಎಂ.ಜಿ. ರಸ್ತೆಯ ಆಸುಪಾಸಿನಲ್ಲಿ ಮನಿ ಚೇಂಜರ್‌ಗಳಿಗೆ ಬರವಿಲ್ಲ. ಮೂರು ಕಡೆ ಫೋನ್ ಮಾಡಿದೆ. ಮಾರುಕಟ್ಟೆ ದರ 90 ಇದ್ದಾಗ ಮೊದಲನೆಯವರು 91.70 ಅಂದರು. ಎರಡನೆಯವರು 91.30. ಮೂರನೆಯವರಿಗೆ ಎರಡನೆಯವರ ದರ ಹೇಳಿದೆ. ಆ ಕಡೆಯಿಂದ ಕ್ಯಾಲ್ಕುಲೇಟರಿನ ಗುಂಡಿ ಒತ್ತುವ ಸದ್ದು, ಸ್ವಲ್ಪ ಮೌನ, ಆಮೇಲೆ ‘ಎಷ್ಟು ಬೇಕು ಸಾರ್ ನಿಮಗೆ? ಎರಡು ಸಾವಿರವೇ? ಸರಿ, 90.80 ಮಾಡಿಕೊಡುತ್ತೇನೆ, ಇವತ್ತು ಐದು ಗಂಟೆಯೊಳಗೆ ಹಣ ಹಾಕಬೇಕು.’ ಮೊದಲ ಅಂಗಡಿಗೂ ಮೂರನೆಯದಕ್ಕೂ ಇದ್ದ ವ್ಯತ್ಯಾಸ 1,800 ರೂಪಾಯಿ. ತರಕಾರಿ ಸಂತೆಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ನಾವು ಗಾಜಿನ ಬಾಗಿಲಿನ ಅಂಗಡಿಯಲ್ಲಿ ಮಾತ್ರ ಫಲಕದ ಅಂಕಿಯನ್ನು ದೇವರ ಅಪ್ಪಣೆಯೆಂದು ಭಾವಿಸುತ್ತೇವೆ. ಅದು ಚೌಕಾಸಿಯ ಮೊದಲ ಮಾತು ಮಾತ್ರ.

ಕೇಳುವ ರೀತಿಯೂ ಮುಖ್ಯ. ‘ದರ ಎಷ್ಟು, ಕಮಿಷನ್ ಎಷ್ಟು’ ಎಂದು ಬಿಡಿಬಿಡಿಯಾಗಿ ಕೇಳಿದರೆ ಉತ್ತರವೂ ಬಿಡಿಬಿಡಿಯಾಗಿ ಬರುತ್ತದೆ, ಕೊನೆಗೆ ಬಿಲ್ಲಿನಲ್ಲಿ ಸೇವಾ ಶುಲ್ಕ, ಮನೆಗೆ ತಲುಪಿಸುವ ಶುಲ್ಕ ಎಂದೆಲ್ಲ ಬಾಲಂಗೋಚಿಗಳು ಸೇರಿಕೊಳ್ಳುತ್ತವೆ. ‘ತೆರಿಗೆ, ಶುಲ್ಕ ಎಲ್ಲ ಸೇರಿ 2,000 ಡಾಲರ್ ನನ್ನ ಕೈಗೆ ಬರಲು ನಾನು ಎಷ್ಟು ರೂಪಾಯಿ ಕೊಡಬೇಕು?’ ಎಂದು ಕೇಳಿದರೆ ಉತ್ತರ ಒಂದೇ ಸಂಖ್ಯೆ. ಮೂರು ಅಂಗಡಿಗಳ ಮೂರು ಸಂಖ್ಯೆಗಳನ್ನು ಹೋಲಿಸಲು ಬೇರೆ ಜಾಣತನ ಬೇಕಿಲ್ಲ.

ಆ ಸಂಖ್ಯೆಯೊಳಗಿನ ಜಿಎಸ್‌ಟಿ ಬಗ್ಗೆ ಹಲವರಿಗೆ ಅನಗತ್ಯ ಭಯವಿದೆ. ಡಾಲರಿನ ಪೂರ್ಣ ಬೆಲೆಯ ಮೇಲೆ 18 ಶೇಕಡ ಕೊಡಬೇಕೇನೋ ಎಂದು ಗಾಬರಿಯಾದವರನ್ನು ನೋಡಿದ್ದೇನೆ. ಹಾಗಿಲ್ಲ. ಒಂದು ಲಕ್ಷ ರೂಪಾಯಿವರೆಗಿನ ವಿನಿಮಯದಲ್ಲಿ ಶೇಕಡ 1ರಷ್ಟನ್ನು ಸೇವೆಯ ಮೌಲ್ಯವೆಂದು ಲೆಕ್ಕ ಹಿಡಿದು, ಅದರ ಮೇಲೆ 18 ಶೇಕಡ ತೆರಿಗೆ. ಅಂದರೆ ಒಂದು ಲಕ್ಷಕ್ಕೆ 180 ರೂಪಾಯಿ. ಒಂದು ಲಕ್ಷ ದಾಟಿದ ಭಾಗಕ್ಕೆ, ಹತ್ತು ಲಕ್ಷದವರೆಗೆ, ಈ ಮೌಲ್ಯ ಶೇಕಡ ಅರ್ಧಕ್ಕೆ ಇಳಿಯುತ್ತದೆ. ಸೇವೆಯ ಕನಿಷ್ಠ ಮೌಲ್ಯ 250 ರೂಪಾಯಿ ಎಂದಿರುವುದರಿಂದ ಐದು ಸಾವಿರ ರೂಪಾಯಿಯ ನೋಟು ಕೊಂಡರೂ 45 ರೂಪಾಯಿ ತೆರಿಗೆ ತಪ್ಪದು. ಈ ತೆರಿಗೆ ಎಲ್ಲ ಅಂಗಡಿಯಲ್ಲೂ ಒಂದೇ. ಅದರಲ್ಲಿ ಉಳಿಸಲು ಹೋಗುವವರು, ಅಂದರೆ ಬಿಲ್ಲಿಲ್ಲದೆ ಕೊಳ್ಳುವವರು, ನೂರೋ ಇನ್ನೂರೋ ರೂಪಾಯಿಗೆ ದೊಡ್ಡ ತೊಂದರೆ ತಂದುಕೊಳ್ಳುತ್ತಾರೆ.

ಈ ಬಿಲ್ಲಿಲ್ಲದ ವ್ಯವಹಾರ ನಮ್ಮ ಕರಾವಳಿಗೆ ಹೊಸದೇನಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಕೊಲ್ಲಿ ದೇಶಗಳಲ್ಲಿ ದುಡಿಯುವವರಿಲ್ಲದ ಬೀದಿ ಹುಡುಕುವುದು ಕಷ್ಟ. ರಜೆಗೆ ಬಂದವರ ಬಳಿ ಮಿಕ್ಕ ದಿರ್ಹಮ್, ಮುಂದಿನ ವಾರ ದುಬೈಗೆ ಹೊರಟವರ ಬಳಿ ರೂಪಾಯಿ. ನಡುದರಕ್ಕೆ ಕೊಟ್ಟು ತೆಗೆದುಕೊಂಡರೆ ಇಬ್ಬರಿಗೂ ಲಾಭ ಎಂಬುದು ಲೆಕ್ಕದ ಪ್ರಕಾರ ನೂರಕ್ಕೆ ನೂರು ಸರಿ. ಕಾನೂನಿನ ಪ್ರಕಾರ ತಪ್ಪು. 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆಯ 3ನೇ ಸೆಕ್ಷನ್ ಅಧಿಕೃತರಲ್ಲದವರೊಡನೆ ವಿದೇಶಿ ಹಣದ ವ್ಯವಹಾರವನ್ನು ನಿಷೇಧಿಸುತ್ತದೆ, ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಪಕ್ಕದ ಮನೆಯವರ ಮೇಲೆ ಯಾರೂ ದಾಳಿ ಮಾಡುವುದಿಲ್ಲ ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ ವಿಮಾನ ನಿಲ್ದಾಣದಲ್ಲಿ ‘ಈ ಹಣ ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಎದ್ದರೆ ತೋರಿಸಲು ಕಾಗದವಿರುವುದಿಲ್ಲ. ಯಾವ ಅಂಗಡಿಗೆ ಪರವಾನಗಿ ಇದೆ ಎಂಬ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಇದೆ.

ಕೊಲ್ಲಿಗೆ ಹೋಗುವವರಿಗೆ ದರ ಪರೀಕ್ಷಿಸಲು ಇನ್ನೊಂದು ಸುಲಭ ದಾರಿಯಿದೆ, ನನಗೆ ಬಹಳ ಇಷ್ಟವಾದದ್ದು. ಯುಎಇಯ ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ನಾಣ್ಯ: ಒಂದು ಡಾಲರ್ ಎಂದರೆ 3.6725 ದಿರ್ಹಮ್, 1997ರಿಂದ ಅಲ್ಲಾಡಿಲ್ಲ. ಸೌದಿ ರಿಯಾಲ್ 3.75. ಡಾಲರ್ 90 ರೂಪಾಯಿ ಇದ್ದರೆ ರಿಯಾಲ್ ಸರಿಯಾಗಿ 24 ರೂಪಾಯಿ, ದಿರ್ಹಮ್ 24 ರೂಪಾಯಿ 50 ಪೈಸೆ. ಅಂಗಡಿಯವನು ದಿರ್ಹಮ್‌ಗೆ 25.60 ಅಂದರೆ ಅವನು ಶೇಕಡ ನಾಲ್ಕೂವರೆ ಇಟ್ಟುಕೊಂಡಿದ್ದಾನೆ ಎಂದರ್ಥ. ‘ದಿರ್ಹಮ್ ಇವತ್ತು ಏರಿಬಿಟ್ಟಿದೆ ಸಾರ್’ ಎಂಬ ಮಾತಿಗೆ ನಗಬಹುದು. ಡಾಲರ್ ಏರದೆ ದಿರ್ಹಮ್ ತಾನಾಗಿ ಏರುವುದಿಲ್ಲ.

ಥಾಯ್ಲೆಂಡ್, ವಿಯೆಟ್ನಾಂ, ಬಾಲಿಯ ಪ್ರವಾಸಿಗಳ ಲೆಕ್ಕ ಬೇರೆ. ಇಲ್ಲಿ ರೂಪಾಯಿ ಕೊಟ್ಟು ನೇರವಾಗಿ ಬಾತ್ ಅಥವಾ ಡಾಂಗ್ ಕೊಳ್ಳುವುದಕ್ಕಿಂತ, ಇಲ್ಲಿ ಡಾಲರ್ ಕೊಂಡು ಅಲ್ಲಿ ಬದಲಾಯಿಸುವುದು ಸಾಮಾನ್ಯವಾಗಿ ಅಗ್ಗ. ಎರಡು ಸಲ ಬದಲಾಯಿಸಿದರೆ ಎರಡು ಸಲ ನಷ್ಟವಲ್ಲವೇ ಎಂದು ಕೇಳಬಹುದು. ಎರಡು ಸಣ್ಣ ನಷ್ಟಗಳು ಸೇರಿದರೂ ಒಂದು ದೊಡ್ಡ ನಷ್ಟಕ್ಕಿಂತ ಕಡಿಮೆ. ಇಲ್ಲಿ ಡಾಲರಿಗೆ ಶೇಕಡ ಒಂದು, ಬ್ಯಾಂಕಾಕ್ ಪಟ್ಟಣದೊಳಗಿನ ಒಳ್ಳೆಯ ಚೇಂಜರ್ ಬಳಿ ಇನ್ನೊಂದು ಶೇಕಡ ಹೋದರೂ, ಇಲ್ಲಿಯ ಬಾತ್ ದರದ ಅಂತರ ಅದನ್ನು ಸುಲಭವಾಗಿ ಮೀರುತ್ತದೆ. ಆದರೆ ನೋಟಿನ ಗುಣ ನೋಡಿ ತೆಗೆದುಕೊಳ್ಳಬೇಕು. ಆಗ್ನೇಯ ಏಷ್ಯಾದ ಹಲವು ಅಂಗಡಿಗಳಲ್ಲಿ ನೂರರ ನೋಟಿಗೆ ಒಂದು ದರ, ಇಪ್ಪತ್ತು, ಹತ್ತರ ನೋಟಿಗೆ ಅದಕ್ಕಿಂತ ಕಡಿಮೆ ದರ. ಮಡಿಕೆಯಲ್ಲಿ ಹರಿದದ್ದು, ಪೆನ್ನಿನ ಗೀಟಿರುವುದು, ಮುದ್ರೆ ಬಿದ್ದದ್ದು ಕೊಟ್ಟರೆ ತಲೆ ಅಲ್ಲಾಡಿಸಿ ವಾಪಸು ತಳ್ಳುತ್ತಾರೆ. 2013ರ ಅಕ್ಟೋಬರಿನಲ್ಲಿ ಬಂದ ನೀಲಿ ಪಟ್ಟಿಯ ನೂರು ಡಾಲರಿಗಿಂತ ಹಳೆಯ ನೋಟುಗಳನ್ನೂ ಹಲವೆಡೆ ಮುಟ್ಟುವುದಿಲ್ಲ. ನಮ್ಮ ಊರಿನ ಕೌಂಟರಿನಲ್ಲಿ ಕಂತೆ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ಹಿಂದಿನ ಸಾಲಿನವರು ಗೊಣಗಿದರೆ ಗೊಣಗಲಿ.

ನೋಟು ಎಷ್ಟು ಒಯ್ಯಬಹುದು ಎಂಬುದಕ್ಕೂ ಮಿತಿಯಿದೆ: ಬಹುಪಾಲು ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದಷ್ಟು. ಮಿಕ್ಕದ್ದು ಕಾರ್ಡಿನಲ್ಲಿ. ರೂಪಾಯಿ ಕೊಡುವಾಗ 50,000 ದಾಟಿದರೆ ನಗದು ನಡೆಯುವುದಿಲ್ಲ, ಬ್ಯಾಂಕ್ ಮೂಲಕವೇ ಕೊಡಬೇಕು. ಪ್ಯಾನ್, ಪಾಸ್‌ಪೋರ್ಟ್, ವೀಸಾ, ಟಿಕೆಟ್ ಕೇಳುತ್ತಾರೆ. ಹೊರಡುವ 60 ದಿನಗಳೊಳಗೆ ಕೊಳ್ಳಬಹುದು. ‘ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ಅಮೆರಿಕಕ್ಕೆ ಹೋದೆವು’ ಎಂದು ಹೇಳುವ ಹಿರಿಯರ ಕಾಲಕ್ಕೆ ಹೋಲಿಸಿದರೆ ಇವೆಲ್ಲ ಔದಾರ್ಯವೇ. ಈಗ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಒಯ್ಯಬಹುದು.

ಕಾರ್ಡುಗಳ ಲೋಕದಲ್ಲಿ ಸೊನ್ನೆಯ ಆಟ ಇನ್ನೂ ಸೂಕ್ಷ್ಮ. ಸಾಮಾನ್ಯ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡನ್ನು ಹೊರದೇಶದಲ್ಲಿ ಉಜ್ಜಿದರೆ ಹಲವು ಬ್ಯಾಂಕುಗಳು ದರದ ಮೇಲೆ ಶೇಕಡ 3.5ರಷ್ಟು ಹೆಚ್ಚುವರಿ, ಅಂದರೆ ಮಾರ್ಕಪ್, ಹಾಕುತ್ತವೆ. ಅದರ ಮೇಲೆ 18 ಶೇಕಡ ಜಿಎಸ್‌ಟಿ ಸೇರಿ ಒಟ್ಟು 4.13 ಆಗುತ್ತದೆ. ಒಂದು ಲಕ್ಷ ಖರ್ಚು ಮಾಡಿದರೆ 4,130 ರೂಪಾಯಿ, ತಿಂಗಳ ಸ್ಟೇಟ್‌ಮೆಂಟಿನಲ್ಲಿ ಸಣ್ಣ ಸಣ್ಣ ಸಾಲುಗಳಾಗಿ ಹರಿದು ಹಂಚಿಹೋಗಿರುತ್ತದೆ. ಇದಕ್ಕೆ ಎದುರಾಗಿ ಈಗ ಮಾರ್ಕಪ್ ಇಲ್ಲದ ಕಾರ್ಡುಗಳು ಬಂದಿವೆ. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳ ದರವನ್ನೇ ಕೊಡುವ ಇವು ನಿಜಕ್ಕೂ ಒಳ್ಳೆಯವು, ಏಕೆಂದರೆ ಆ ದರ ನಡುದರಕ್ಕೆ ತೀರ ಹತ್ತಿರ ಇರುತ್ತದೆ, ಮತ್ತು ಆ ಎರಡೂ ಸಂಸ್ಥೆಗಳ ಜಾಲತಾಣದಲ್ಲಿ ದಿನದ ದರವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಸಿಂಗಪುರ, ಲಂಡನ್, ಆಮ್‌ಸ್ಟರ್‌ಡ್ಯಾಮ್‌ನಂಥ ಊರುಗಳಲ್ಲಿ ಕಾಫಿಗೂ ಕಾರ್ಡ್ ನಡೆಯುವುದರಿಂದ ಅಲ್ಲಿಗೆ ನೋಟಿನ ಕಂತೆ ಹೊತ್ತೊಯ್ಯುವುದು ಹಳೆಯ ಕಾಲದ ಅಭ್ಯಾಸ.

ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಒಯ್ಯುವ ಫೊರೆಕ್ಸ್ ಕಾರ್ಡನ್ನೂ ಸೊನ್ನೆ ಮಾರ್ಕಪ್ ಎಂದೇ ಮಾರುತ್ತಾರೆ. ಇಲ್ಲಿ ಎಚ್ಚರ ಬೇಕು. ಉಜ್ಜುವಾಗ ಮಾರ್ಕಪ್ ಇಲ್ಲದಿರಬಹುದು, ಆದರೆ ಹಣ ತುಂಬುವ ದಿನದ ದರದಲ್ಲೇ ಬ್ಯಾಂಕ್ ತನ್ನ ಪಾಲು ತೆಗೆದುಕೊಂಡಿರುತ್ತದೆ. ನೋಟಿನ ಅಂಗಡಿಯ ಹಾಗೆ ಇಲ್ಲೂ ಕೇಳಬೇಕಾದದ್ದು ಅದೇ ಪ್ರಶ್ನೆ: ಎಲ್ಲ ಸೇರಿ ಎಷ್ಟು? ಇನ್ನೂ ದೊಡ್ಡ ಹೊಂಡ ಇರುವುದು ತುಂಬಿದ ಹಣವೊಂದು, ಖರ್ಚಿನ ಹಣ ಇನ್ನೊಂದು ಆದಾಗ. ಯೂರೋಪ್ ಪ್ಯಾಕೇಜಿನಲ್ಲಿ ಹೋಗುವವರು ಯೂರೋ ತುಂಬಿಸಿಕೊಂಡು ನಿಶ್ಚಿಂತರಾಗುತ್ತಾರೆ. ಆದರೆ ಆ ಪ್ಯಾಕೇಜಿನ ದಾರಿಯಲ್ಲೇ ಫ್ರಾಂಕ್ ನಡೆಯುವ ಸ್ವಿಟ್ಜರ್ಲೆಂಡ್ ಇರುತ್ತದೆ, ಕೊರುನಾ ನಡೆಯುವ ಪ್ರಾಗ್ ಇರುತ್ತದೆ, ಫೊರಿಂಟ್ ನಡೆಯುವ ಬುಡಾಪೆಸ್ಟ್ ಇರುತ್ತದೆ. ಅಲ್ಲಿ ಯೂರೋ ಕಾರ್ಡ್ ಉಜ್ಜಿದರೆ ಹಲವು ಕಾರ್ಡುಗಳು ಕ್ರಾಸ್ ಕರೆನ್ಸಿ ಶುಲ್ಕವೆಂದು ಮತ್ತೆ ಮೂರೂವರೆ ಶೇಕಡದ ಆಸುಪಾಸು ಕತ್ತರಿಸುತ್ತವೆ. ಹೋಗುವ ದೇಶಗಳ ನಾಣ್ಯ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು. ಪಟ್ಟಿ ಬದಲಾಗುತ್ತಲೂ ಇರುತ್ತದೆ: ಕ್ರೊಯೇಷ್ಯಾ 2023ರಿಂದ, ಬಲ್ಗೇರಿಯಾ 2026ರಿಂದ ಯೂರೋ ಬಳಗ ಸೇರಿವೆ. ಹೋಟೆಲ್ ಠೇವಣಿಗೆ, ಬಾಡಿಗೆ ಕಾರಿಗೆ ಫೊರೆಕ್ಸ್ ಕಾರ್ಡ್ ಕೊಡಬೇಡಿ. ತಡೆಹಿಡಿದ ಹಣ ಬಿಡುಗಡೆಯಾಗುವಷ್ಟರಲ್ಲಿ ಪ್ರವಾಸವೇ ಮುಗಿದಿರುತ್ತದೆ. ಅದಕ್ಕೆ ಕ್ರೆಡಿಟ್ ಕಾರ್ಡೇ ಸರಿ.

ಎಟಿಎಂ ಬಳಸಿದರೆ ಒಂದೇ ಸಲ ದೊಡ್ಡ ಮೊತ್ತ ತೆಗೆಯಬೇಕು. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಆಸುಪಾಸು ಕೀಳುತ್ತವೆ, ನಮ್ಮ ಬ್ಯಾಂಕಿನ ಶುಲ್ಕ ಬೇರೆ. ಸಾವಿರ ಬಾತ್ ತೆಗೆದು 220 ಕೊಡುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವ ಮಾತು ಬೇಡವೇ ಬೇಡ, ಅದಕ್ಕೆ ಆ ದಿನದಿಂದಲೇ ಬಡ್ಡಿ.

ಇನ್ನು ಅತ್ಯಂತ ಸಭ್ಯವಾದ ಸುಲಿಗೆಯ ವಿಷಯ. ಪ್ಯಾರಿಸ್ಸಿನ ಅಂಗಡಿಯೊಂದರಲ್ಲಿ ನೂರು ಯೂರೋ ಬಿಲ್ಲಿಗೆ ಕಾರ್ಡ್ ತೂರಿಸುತ್ತೀರಿ. ಯಂತ್ರದ ಪುಟ್ಟ ಪರದೆ ಅಕ್ಕರೆಯಿಂದ ಕೇಳುತ್ತದೆ: ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಿ ಕೊಡುತ್ತೀರಾ? ನಮ್ಮ ಊರಿನ ಹಣದ ಹೆಸರು ಅಷ್ಟು ದೂರದಲ್ಲಿ ಕಂಡ ಸಂತೋಷಕ್ಕೆ ಬೆರಳು ತಾನಾಗಿ ರೂಪಾಯಿಯ ಗುಂಡಿಯತ್ತ ಹೋಗುತ್ತದೆ. ಯೂರೋ 105 ರೂಪಾಯಿ ಎಂದಿಟ್ಟುಕೊಂಡರೆ ನಿಜವಾದ ಲೆಕ್ಕ 10,500. ಪರದೆ 11,100 ತೋರಿಸುತ್ತಿರಬಹುದು. ವ್ಯತ್ಯಾಸ ಅಂಗಡಿಗೂ ಆ ಯಂತ್ರ ಒದಗಿಸಿದ ಸಂಸ್ಥೆಗೂ ಹಂಚಿಕೆಯಾಗುತ್ತದೆ. ವಿಚಿತ್ರವೆಂದರೆ, ರೂಪಾಯಿಯಲ್ಲೇ ಕೊಟ್ಟರೂ ವ್ಯಾಪಾರಿ ಹೊರದೇಶದವನು ಎಂಬ ಕಾರಣಕ್ಕೆ ನಮ್ಮ ಕಡೆಯ ಕೆಲವು ಬ್ಯಾಂಕುಗಳು ಮತ್ತೊಂದು ಶುಲ್ಕ ಹಾಕುತ್ತವೆ. ಮಾರ್ಕಪ್ ಇಲ್ಲದ ಕಾರ್ಡನ್ನು ಹುಡುಕಿ ಹುಡುಕಿ ಮಾಡಿಸಿಕೊಂಡವರೂ ಈ ಒಂದು ಗುಂಡಿಯಲ್ಲಿ ಅಷ್ಟನ್ನೂ ಕಳೆದುಕೊಳ್ಳುತ್ತಾರೆ. ಯಾವ ದೇಶದಲ್ಲಿ ನಿಂತಿದ್ದೀರೋ ಆ ದೇಶದ ಹಣದ ಗುಂಡಿ ಒತ್ತಿ. ಎಟಿಎಂ ಪರದೆಯಲ್ಲೂ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ.

ಅಂದಹಾಗೆ ಹೊರಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ನೀವೇ ತೆರೆದಿರಬೇಕು. 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ಇದು ನೆನಪಾಗದೆ ಹೊರದೇಶದಲ್ಲಿ ಇಳಿದು ಕಾರ್ಡ್ ನಡೆಯದಿದ್ದಾಗ ಮತ್ತೆ ಅದೇ ವಿಮಾನ ನಿಲ್ದಾಣದ ಕೌಂಟರೇ ಗತಿ.

‘ಡಾಲರ್ ಇಳಿಯಲಿ, ಆಮೇಲೆ ಕೊಳ್ಳೋಣ’ ಎಂದು ಕಾಯುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. 2025ರ ಆರಂಭದಲ್ಲಿ 86ರ ಹತ್ತಿರವಿದ್ದ ಡಾಲರ್ ವರ್ಷದ ಕೊನೆಗೆ 90 ಮುಟ್ಟಿತು, ನಡುವೆ ಕೆಲವು ತಿಂಗಳು 84-85ಕ್ಕೂ ಇಳಿದಿತ್ತು. ಇದನ್ನು ಮೊದಲೇ ಹೇಳಬಲ್ಲವರು ಪ್ರವಾಸಕ್ಕೆ ಎರಡು ಸಾವಿರ ಡಾಲರ್ ಕೊಳ್ಳುತ್ತಾ ಕೂತಿರುತ್ತಿರಲಿಲ್ಲ. ಒಂದು ತಿಂಗಳಲ್ಲಿ ದರ ಸಾಮಾನ್ಯವಾಗಿ ಒಂದೆರಡು ಶೇಕಡ ಅತ್ತಿತ್ತ ಆಗುತ್ತದೆ. ಒಳ್ಳೆಯ ಅಂಗಡಿಗೂ ಕೆಟ್ಟ ಅಂಗಡಿಗೂ ಇರುವ ಅಂತರ ಅದಕ್ಕಿಂತ ದೊಡ್ಡದು, ಮತ್ತು ಅದು ನಮ್ಮ ಕೈಯಲ್ಲಿದೆ. ಹೆಚ್ಚು ಮೊತ್ತ ಬೇಕಿದ್ದರೆ ಎರಡು ಕಂತಿನಲ್ಲಿ ಕೊಂಡು ಮರೆತುಬಿಡುವುದು ನನ್ನ ಕ್ರಮ.

ಟಿಸಿಎಸ್, ಅಂದರೆ ಹಣ ಕೊಡುವಾಗಲೇ ಮೂಲದಲ್ಲಿ ವಸೂಲಾಗುವ ತೆರಿಗೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ಗೊಂದಲ ಎಬ್ಬಿಸಿದ್ದು ಅದೇ. ನೋಟು, ಫೊರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್ ಎಲ್ಲ ಸೇರಿ ಒಬ್ಬರ ವೆಚ್ಚ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಶೇಕಡ 20 ವಸೂಲು ಮಾಡುತ್ತಾರೆ. ಮೊದಲು ಏಳು ಲಕ್ಷವಿದ್ದ ಈ ಮಿತಿ 2025ರ ಏಪ್ರಿಲ್‌ನಲ್ಲಿ ಹತ್ತಕ್ಕೆ ಏರಿತು. ಕ್ರೆಡಿಟ್ ಕಾರ್ಡಿನ ವಿದೇಶಿ ಖರ್ಚನ್ನೂ ಇದರೊಳಗೆ ತರುತ್ತೇವೆಂದು 2023ರ ಮೇನಲ್ಲಿ ಸರ್ಕಾರ ಹೇಳಿತು, ಗಲಾಟೆಯಾದ ಮೇಲೆ ಜೂನ್‌ನಲ್ಲಿ ಮುಂದೂಡಿತು. ಸಾಮಾನ್ಯ ಕುಟುಂಬದ ಪ್ರವಾಸ ತಲೆಗೆ ಹತ್ತು ಲಕ್ಷ ಮುಟ್ಟುವುದು ಅಪರೂಪ. ಮುಟ್ಟಿದರೂ ಆ ಹಣ ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಕೆಯಾಗುತ್ತದೆ ಅಥವಾ ವಾಪಸು ಬರುತ್ತದೆ. ಅಷ್ಟು ದಿನ ಸಿಕ್ಕಿಬಿದ್ದಿರುವುದೇ ನಷ್ಟ. ಸಿದ್ಧ ಪ್ಯಾಕೇಜ್ ಪ್ರವಾಸಕ್ಕೆ ಲೆಕ್ಕ ಬೇರೆ, ಬುಕ್ ಮಾಡುವಾಗ ಕೇಳಿಕೊಳ್ಳಬೇಕು.

ಈ ಮುಚ್ಚುಮರೆಯ ದರದ ವ್ಯಾಪಾರ ಬಯಲಿಗೆ ಬರುವ ಲಕ್ಷಣಗಳು ಇಲ್ಲವೆಂದಲ್ಲ. ಬ್ಯಾಂಕುಗಳ ನಡುವಿನ ವ್ಯವಹಾರಗಳನ್ನು ಚುಕ್ತಾ ಮಾಡುವ ಸಂಸ್ಥೆಯಾದ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ 2019ರ ಆಗಸ್ಟ್‌ನಲ್ಲಿ ಎಫ್‌ಎಕ್ಸ್-ರೀಟೇಲ್ ಎಂಬ ವೇದಿಕೆ ಆರಂಭಿಸಿತು. ಸಣ್ಣ ಗಿರಾಕಿಯೂ ಬ್ಯಾಂಕುಗಳ ಮಾರುಕಟ್ಟೆಯ ದರವನ್ನು ಕಣ್ಣಾರೆ ಕಂಡು ಡಾಲರ್ ಕೊಳ್ಳಬಹುದು, ಬ್ಯಾಂಕ್ ತನ್ನ ಶುಲ್ಕವನ್ನು ಬೇರೆಯಾಗಿ ಬಾಯಿಬಿಟ್ಟು ಹೇಳಬೇಕು, ಇದು ಅದರ ಮರ್ಮ. ಇಷ್ಟು ವರ್ಷವಾದರೂ ನನ್ನ ಪರಿಚಯದ ಪ್ರವಾಸಿಗಳಲ್ಲಿ ಇದರ ಹೆಸರು ಕೇಳಿದವರು ಇಬ್ಬರೇ. ಅದನ್ನು ಬಿಲ್ ಪಾವತಿಯ ಜಾಲವಾದ ಭಾರತ್ ಕನೆಕ್ಟ್ ಮೂಲಕ ಸಾಮಾನ್ಯ ಮೊಬೈಲ್ ಆ್ಯಪ್‌ಗಳಿಗೆ ಜೋಡಿಸುವುದಾಗಿ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು, 2025ರ ಅಕ್ಟೋಬರಿನಲ್ಲಿ ಕೆಲವೇ ಬ್ಯಾಂಕುಗಳೊಡನೆ ಪ್ರಯೋಗ ಶುರುವಾಯಿತು. ವಿದ್ಯುತ್ ಬಿಲ್ ಕಟ್ಟಿದಷ್ಟು ಸಲೀಸಾಗಿ ಡಾಲರ್ ಸಿಗುವಂತಾದರೆ ‘ಕಮಿಷನ್ ಸೊನ್ನೆ’ ಎಂಬ ಫಲಕಕ್ಕೆ ಕೆಲಸ ಉಳಿಯುವುದಿಲ್ಲ. ಬ್ಯಾಂಕುಗಳು ಇದನ್ನು ಎಷ್ಟು ಉತ್ಸಾಹದಿಂದ ಪ್ರಚಾರ ಮಾಡುತ್ತವೆ ಎಂಬ ಬಗ್ಗೆ ಮಾತ್ರ ನನಗೆ ಗುಮಾನಿಯಿದೆ. ತಮ್ಮ ಲಾಭದ ಗುಟ್ಟನ್ನು ತಾವೇ ಡಂಗುರ ಹೊಡೆಸುವವರು ಯಾರು?

ಭೂತಾನಿಗೆ ಹೋಗುವವರಿಗೆ ಈ ತಲೆನೋವೇ ಇಲ್ಲ, ಅಲ್ಲಿನ ನುಲ್ಟ್ರಮ್ ನಮ್ಮ ರೂಪಾಯಿಗೆ ಸಮ. ಪಶುಪತಿನಾಥ, ಮುಕ್ತಿನಾಥಕ್ಕೆ ಹೋಗುವವರಿಗೆ ನಮ್ಮ ನೂರು ರೂಪಾಯಿಗೆ ನೇಪಾಳದ 160 ಎಂಬ ಸ್ಥಿರ ಲೆಕ್ಕ. ನೂರಕ್ಕಿಂತ ದೊಡ್ಡ ನೋಟಿನ ನಿಯಮಗಳನ್ನು ಮಾತ್ರ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಅಲ್ಲೂ, ಯುಎಇ, ಸಿಂಗಪುರ, ಶ್ರೀಲಂಕಾ, ಮಾರಿಷಸ್‌ಗಳ ಕೆಲವು ಅಂಗಡಿಗಳಲ್ಲೂ ಯುಪಿಐ ನಡೆಯುತ್ತದೆ. ಒತ್ತುವ ಮುನ್ನ ಪರದೆಯಲ್ಲಿ ಕಾಣುವ ರೂಪಾಯಿಯನ್ನು ನಡುದರಕ್ಕೆ ಹೋಲಿಸಿ ನೋಡಿದರೆ ಸಾಕು.

ಕೊನೆಗೆ, ಉಳಿದ ಹಣ. ಕೊಳ್ಳುವಾಗ ಒಂದು ಸಲ ಕೊಟ್ಟ ಅಂತರವನ್ನು ಮಾರುವಾಗ ಇನ್ನೊಂದು ಸಲ ಕೊಡಬೇಕಾಗುತ್ತದೆ ಎಂಬುದು ಹೋಗುವ ಉತ್ಸಾಹದಲ್ಲಿ ನೆನಪಿರುವುದಿಲ್ಲ. ಬ್ಯಾಂಕಾಕಿನಿಂದ ಮರಳಿದಾಗ ನನ್ನ ಬಳಿ 3,000 ಬಾತ್ ಉಳಿದಿತ್ತು. ಅದೇ ಸಾಲಿನ ಕೌಂಟರಿನಲ್ಲಿ ಕೊಟ್ಟರೆ ಒಂದಕ್ಕೆ 2.12. ವಾರದ ಹಿಂದೆ 8,340 ರೂಪಾಯಿ ಕೊಟ್ಟು ಕೊಂಡ ಕಂತೆಗೆ 6,360 ಎಣಿಸಿಕೊಟ್ಟರು, ಈ ಸಲವೂ ಕಮಿಷನ್ ಸೊನ್ನೆ. 2,000 ಡಾಲರ್ ಮೌಲ್ಯದವರೆಗಿನ ನೋಟುಗಳನ್ನು ಮುಂದಿನ ಪ್ರವಾಸಕ್ಕೆಂದು ಮನೆಯಲ್ಲೇ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ, ಮಿಕ್ಕದ್ದನ್ನು ಮರಳಿದ 180 ದಿನಗಳೊಳಗೆ ಒಪ್ಪಿಸಬೇಕು. ಡಾಲರ್, ಯೂರೋ ಆದರೆ ಇಟ್ಟುಕೊಳ್ಳುವುದೇ ಮೇಲು.

ಎಲ್ಲ ನೋಟುಗಳೂ ಹಾಗೆ ಕಾಯುವುದಿಲ್ಲ. ನನ್ನ ಖಾನೆಯಲ್ಲಿ ಆ ಬಾತ್ ರಸೀದಿಯ ಕೆಳಗೆ ಬ್ರಿಟನ್ನಿನ ಇಪ್ಪತ್ತು ಪೌಂಡಿನ ಕಾಗದದ ನೋಟು ಒಂದಿದೆ, ಹಿಂದೊಮ್ಮೆ ಹೋದಾಗ ‘ಇರಲಿ, ಮುಂದಿನ ಸಲಕ್ಕಾಯಿತು’ ಎಂದು ಇಟ್ಟದ್ದು. 2022ರ ಸೆಪ್ಟೆಂಬರ್ 30ರ ನಂತರ ಅದು ಅಂಗಡಿಯಲ್ಲಿ ನಡೆಯುವುದಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಈಗಲೂ ಬದಲಾಯಿಸಿಕೊಡುತ್ತದೆ, ಅಂಚೆಯಲ್ಲಿ ಕಳಿಸಿದರೂ ಆಯಿತಂತೆ. ರಿಜಿಸ್ಟರ್ಡ್ ಅಂಚೆಯ ಖರ್ಚು ಎಷ್ಟಾದೀತೆಂದು ಇನ್ನೂ ಕೇಳಿಲ್ಲ.